ಹುಲ್ಲಿನ ತೋಟ

ಸೋದಸ್ ಅನ್ನುತ್ತೇವೆ, ಸ್ಕೈಸ್ತೆ. ಅಂದರೆ ತೋಟ.
ವಿಲ್ನಿಯಸ್ಸಿನ ಫ್ಲಾಟಿನಲ್ಲಿ ಬೆಳೆದವಳು ನೀನು, ನಗಬೇಡ.
ಮಣ್ಣಿಲ್ಲ, ಬೇಲಿಯಿಲ್ಲ,
ಊಟದ ಮೇಜಿನ ಮೇಲೆ ಸೂರಿನಿಂದ ಇಳಿಬಿಟ್ಟ
ರೈ ಹುಲ್ಲಿನ ಕಡ್ಡಿ, ನಾರಿನ ದಾರ,
ಉಳಿದದ್ದೆಲ್ಲ ಗಾಳಿ.

ಕಡ್ಡಿಯನ್ನು ಗೆಣ್ಣಿಂದ ಗೆಣ್ಣಿಗೆ ಕತ್ತರಿಸು.
ಗೆಣ್ಣು ಬಿಸಾಡು, ಅದರೊಳಗೆ ಸೂಜಿ ಹೋಗದು.
ಉಗುರುಬೆಚ್ಚನೆ ನೀರಲ್ಲಿ ಒಂದು ತಾಸು ನೆನೆಯಲಿ.
ಸೀಳಿದ್ದು ಒಲೆಗೆ.
ಹನ್ನೆರಡು ಕಡ್ಡಿಗೆ ಒಂದು ಮನೆ:
ತಳಕ್ಕೆ ತಳ ತಾಗಿಸಿ ನಿಲ್ಲಿಸಿದ ಎರಡು ಗೋಪುರ.
ದೊಡ್ಡದರ ಹೊಟ್ಟೆಯಲ್ಲಿ ಚಿಕ್ಕದು, ಮೂಲೆ ಮೂಲೆಗೂ ಮರಿ.
ಗಂಟು ಬಿಗಿಯಾದರೆ ಕಡ್ಡಿ ಬಾಯಿ ಬಿಡುತ್ತದೆ,
ಸಡಿಲವಾದರೆ ಮನೆ ವಾಲುತ್ತದೆ.
ಎಷ್ಟು ಬಿಗಿ ಅಂತ ಕೇಳಬೇಡ. ಬೆರಳಿಗೆ ಗೊತ್ತಾಗುತ್ತದೆ.
ನನ್ನ ಬೆರಳಿಗೆ ನಾಲ್ಕು ಚಳಿಗಾಲ ಹಿಡಿಯಿತು.

ಕಷ್ಟ ಇದಲ್ಲ. ಕಷ್ಟ ಹುಲ್ಲಿನದು.
ಕಟಾವು ಯಂತ್ರ ನುಂಗಿ ಉಗುಳಿದ್ದು ಕೊಟ್ಟಿಗೆಗೆ ಸರಿ,
ಸೂಜಿಗಲ್ಲ. ಕುಡುಗೋಲಲ್ಲಿ ಕೊಯ್ಯಬೇಕು,
ತೆನೆ ಪೂರ್ತಿ ಬಲಿಯುವ ಮೊದಲು, ಇಬ್ಬನಿ ಆರಿದ ಮೇಲೆ.

ಪಕ್ಕದ ಫೆಲಿಕ್ಸಾಸನ ಹೊಲದಲ್ಲಿ ಪ್ರತಿ ವರ್ಷ
ಯಂತ್ರ ಒಂದು ಮೂಲೆಯನ್ನು ಬಳಸಿಕೊಂಡು ಹೋಗುತ್ತಿತ್ತು.
ನಿನಗೇ ಬಿಟ್ಟದ್ದು ಅಂತ ಅವನು ಹೇಳಲಿಲ್ಲ,
ನನಗೇನಾ ಅಂತ ನಾನು ಕೇಳಲಿಲ್ಲ.
ಅವನ ನಾಯಿ ನನ್ನ ಮೂರು ಕೋಳಿ ಹಿಡಿದ ದಿನದಿಂದ
ನಮ್ಮದು ಎಣ್ಣೆ ಸೀಗೆಕಾಯಿ.
ನಾಯಿ ಸತ್ತು ಆರು ವರ್ಷವಾಯಿತು,
ಮೌನ ಮಾತ್ರ ಗುಂಡುಕಲ್ಲಿನ ಹಾಗಿದೆ.

ಆಮೇಲೆ ಅವನು ಯಂತ್ರ ಮಾರಿದ,
ಹೊಲವನ್ನು ಯಾವುದೋ ಕಂಪನಿಗೆ ಗೇಣಿಗೆ ಕೊಟ್ಟ.
ಮೇ ತಿಂಗಳಲ್ಲಿ ನೋಡಿದರೆ ಕಣ್ಣು ಕುಕ್ಕುವ ಹಳದಿ,
ಎಣ್ಣೆಬೀಜದ ಹೂ, ಕಾಡಿನಂಚಿನವರೆಗೂ. ರೈ ಎಂಬ ಹೆಸರಿಲ್ಲ.
ಆ ಕ್ರಿಸ್ಮಸ್ಸಿಗೆ ಹಳೆಯ ಕಟ್ಟಿನ ತುಂಡು ಆಯ್ದು ಕಟ್ಟಿದ್ದು
ಗುಬ್ಬಿ ಗೂಡಿನಷ್ಟಾಯಿತು.
ಬಂದವರು ಚೆನ್ನಾಗಿದೆ ಅಂದರು.
ಬಂದವರು ಅನ್ನುತ್ತಾರೆ.

ಕಳೆದ ಬೇಸಿಗೆಯಲ್ಲಿ, ತಪ್ಪಿಸಿಕೊಂಡ ಆಡು ಹುಡುಕುತ್ತಾ
ಅವನ ಜೇನುಪೆಟ್ಟಿಗೆಗಳ ಹಿಂದೆ ಹೋದೆ.
ಅಲ್ಲಿ, ಎರಡು ಹಾಸಿಗೆ ಬಿಡಿಸುವಷ್ಟು ಜಾಗದಲ್ಲಿ
ಎದೆಯೆತ್ತರ ರೈ.
ರೊಟ್ಟಿಗೆಂದು ಯಾರೂ ಅಷ್ಟು ಕಡಿಮೆ ಬಿತ್ತುವುದಿಲ್ಲ.
ನಮ್ಮಿಬ್ಬರ ನಡುವಿನ ಬೇಲಿಯಲ್ಲಿ ಒಂದು ಹಲಗೆ ಕಿತ್ತಿತ್ತು,
ಒಬ್ಬಳು ಅಡ್ಡಡ್ಡ ನುಸುಳುವಷ್ಟು.
ಕಿತ್ತ ಮೊಳೆಗಳನ್ನು ಡಬ್ಬಿಯಲ್ಲಿ ಹಾಕಿಟ್ಟಿದ್ದ, ಜಿಪುಣ.
ಮರುದಿನ ಕುಡುಗೋಲು ಹಿಡಿದು ಹೋದೆ.
ಆಡು ಆಗಲೇ ತನ್ನ ಪಾಲು ಮುಗಿಸಿತ್ತು.

ಹಬ್ಬದ ಹಿಂದಿನ ರಾತ್ರಿ ನೀನೇ ನೋಡಿದೆಯಲ್ಲ:
ಮೇಜುಬಟ್ಟೆಯಡಿ ಒಣಹುಲ್ಲು, ಗಸಗಸೆ ಹಾಲು, ಉಪ್ಪುಮೀನು,
ತೀರಿಕೊಂಡವರಿಗೆಂದು ಇಟ್ಟ ಖಾಲಿ ತಟ್ಟೆ.
ಬೀಟ್ರೂಟ್ ಸಾರಿನ ಹಬೆ ಮೇಲೇರಿದ್ದೇ
ತೋಟ ತಾನಾಗಿ ತಿರುಗತೊಡಗಿತು.
ನಿನ್ನ ಅಪ್ಪ ಸೀನಿದಾಗ ಹಿಂದಕ್ಕೆ ತಿರುಗಿತು.

ನೀವೆಲ್ಲ ಮಲಗಿದ ಮೇಲೆ ಚೂರುಗಳನ್ನು ಕೆದಕಿದೆ.
ಬೆಂಕಿಕಡ್ಡಿಯುದ್ದದವು, ಲೆಕ್ಕಕ್ಕೆ ಹನ್ನೆರಡು ಸಿಕ್ಕವು.
ಒಂದೇ ಒಂದು ಮನೆ.
ಕತ್ತಲಲ್ಲಿ ಹೋಗಿ ಅವನ ಅಂಚೆಪೆಟ್ಟಿಗೆಯ ಕೊಕ್ಕೆಗೆ ಸಿಕ್ಕಿಸಿದೆ.
ಹಿಮದ ಮೇಲಿನ ಹೆಜ್ಜೆ ಅಳಿಸಲು ಪೊರಕೆ ಒಯ್ದಿದ್ದೆ.
ಗುಡಿಸಲಿಲ್ಲ.

ಜನವರಿಯಲ್ಲಿ ಅವನ ಟ್ರ್ಯಾಕ್ಟರು ರಸ್ತೆಯ ಹಿಮ ತಳ್ಳುತ್ತಾ
ನನ್ನ ಗೇಟಿನ ಮುಂದೆ ಹಾದುಹೋಯಿತು.
ಕನ್ನಡಿಯ ಕೆಳಗೆ ತೂಗುತ್ತಿದೆ ಅದು!
ಒಂದು ಕಡ್ಡಿ ಮುರಿದಿದೆ. ಅದಕ್ಕೆ ವೈರಿಗೆ ಸುತ್ತುವ
ನೀಲಿ ಟೇಪು ಸುತ್ತಿದ್ದಾನೆ, ಹೆಬ್ಬೆರಳಷ್ಟು ದಪ್ಪ.
ಮನೆ ಒಂದು ಕಡೆ ವಾಲಿದೆ.

ಟೇಪಲ್ಲ ಮಾರಾಯ,
ಮುರಿದದ್ದರೊಳಗೆ ಇನ್ನೂ ತೆಳ್ಳನೆಯ ಕಡ್ಡಿ ತೂರಿಸಬೇಕು.
ಹೇಳಬೇಕು ಅವನಿಗೆ.
ನಿನ್ನೆ ಬೇಲಿಯ ಆ ಸಂದಿನವರೆಗೂ ಹೋಗಿದ್ದೆ,
ಕೈಯಲ್ಲಿ ಸೂಜಿಯಿತ್ತು.